ಹಂಚಿನ ಮಾಡು ಸೋರುತ್ತಿದ್ದರೆ ಹನಿ ಬೀಳುವಲ್ಲಿ ಹುಡುಕಬೇಡಿ

ಹನಿ ಬೀಳುವ ಜಾಗದ ನೇರ ಮೇಲಿನ ಹಂಚು ಹೆಚ್ಚಿನ ಸಲ ಗಟ್ಟಿಯಾಗೇ ಇರುತ್ತದೆ. ನೀರು ಎಲ್ಲೋ ಮೇಲ್ಗಡೆ ಒಳಗೆ ನುಗ್ಗಿ, ಪಕಾಸಿನ (ಮಾಡಿನ ಇಳಿಜಾರಿಗೆ ಹಾಕಿದ ಉದ್ದ ಮರದ) ಅಡಿ ಹಿಡಿದು ಇಳಿದು, ಗಂಟೋ ಮೊಳೆಯೋ ಅಡ್ಡ ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಎಷ್ಟೋ ಹಳೇ ಮನೆಗಳಲ್ಲಿ ಪ್ರತಿ ಬೇಸಿಗೆ ಅದೇ ಹಂಚು ಬದಲಾಯಿಸುತ್ತಾರೆ, ಪ್ರತಿ ಮಳೆಗಾಲ ಅದೇ ಜಾಗದಲ್ಲಿ ಬಕೆಟ್ ಇಡುತ್ತಾರೆ.

ಆರಿದ್ರಾ ಮಳೆ ಜಡಿಯುವಾಗ ಟಾರ್ಚ್ ಹಿಡಿದು ಅಟ್ಟ ಹತ್ತಿ. ಪಕಾಸಿನ ಒದ್ದೆ ಗೆರೆ ನೋಡಿಕೊಂಡು ಮೇಲಕ್ಕೆ ಹೋಗಿ. ಗೆರೆ ಶುರುವಾಗುವಲ್ಲಿ ಒಂದು ದಾರ ಕಟ್ಟಿ. ಒದ್ದೆ ಮರಕ್ಕೆ ಸೀಮೆಸುಣ್ಣ ಹಿಡಿಯುವುದಿಲ್ಲ. ಸೂರಿನಿಂದ ಎಷ್ಟನೇ ಸಾಲು, ಗೋಡೆಯಿಂದ ಎಷ್ಟನೇ ಹಂಚು ಅಂತ ಎಣಿಸಿ ಬರೆದಿಡಿ. ಮಾಡಿನ ಮೇಲೆ ಹೋದರೆ ಎಲ್ಲ ಹಂಚೂ ಒಂದೇ ಥರ ಕಾಣುತ್ತವೆ.

ಮಳೆ ಹಿಡಿಯುವಷ್ಟರಲ್ಲಿ ಮುಗಿಸಬೇಕು ಅಂದರೆ ಏಪ್ರಿಲ್‌ನಲ್ಲೇ ನೋಡಿ. ನಡುಮಧ್ಯಾಹ್ನ ಅಟ್ಟದ ಕಿಟಕಿ ಮುಚ್ಚಿದರೆ ಬಿರುಕುಗಳಿಂದ ಬೆಳಕು ಇಣುಕುತ್ತದೆ. ಬೆಳಕು ಕಾಣದೆಯೂ ಸೋರುವ ಜಾಗಗಳಿಗೆ ನೀರು ಬಿಟ್ಟೇ ನೋಡಬೇಕು. ಒಬ್ಬರು ಅಟ್ಟದಲ್ಲಿರಲಿ, ಇನ್ನೊಬ್ಬರು ಪೈಪ್ ಹಿಡಿಯಲಿ. ಕೆಳಗಿನ ಸಾಲಿನಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ ಬನ್ನಿ. ಮೊದಲೇ ತುದಿಯಲ್ಲಿ ಸುರಿದರೆ ಇಡೀ ಇಳಿಜಾರು ನೆನೆದು, ಯಾವ ಸಂದು ಸೋರಿದ್ದು ಅಂತ ಗೊತ್ತೇ ಆಗುವುದಿಲ್ಲ.

ಒಡೆದ ಹಂಚಿಗಿಂತ ಜಾಸ್ತಿ ತೊಂದರೆ ಕೊಡುವುದು ಪಾಚಿ. ಮಂಗಳೂರು ಹಂಚಿನ ಅಂಚಿನಲ್ಲಿ ಸಣ್ಣ ಕಾಲುವೆಗಳಿವೆ, ಅಲ್ವಾ? ಅದರಲ್ಲಿ ಪಾಚಿ, ಸೊಪ್ಪು, ಮಣ್ಣು ಕೂತರೆ ನೀರು ಪಕ್ಕಕ್ಕೆ ಉಕ್ಕಿ ಒಳಗೆ ಬೀಳುತ್ತದೆ. ಹಂಚು ಎತ್ತಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ವಾಪಸ್ ಕೂರಿಸಿ. ಎತ್ತಿದಾಗ ಬೆರಳಿನಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಹಂಚು ಕೂರುವ ಅಡ್ಡ ಮರದ ಪಟ್ಟಿ, ಅಂದರೆ ರೀಪಿಗೂ ಚಾಕು ಚುಚ್ಚಿ ನೋಡಿ. ಲಡ್ಡು ಹಿಡಿದು ಕೊಳೆತ ರೀಪು ಬಾಗಿದರೆ ಮೇಲಿನ ಹಂಚು ಕುಸಿದು ಸಂದು ಬಾಯಿ ಬಿಡುತ್ತದೆ. ಅಲ್ಲಿ ಹೊಸ ಹಂಚು ಹಾಕಿ ಪ್ರಯೋಜನವಿಲ್ಲ.

ಬಿರುಕಿಗೆ ಟಾರ್ ಬಳಿಯುವವರು ಇದ್ದಾರೆ. ನಮ್ಮನೆಗೆ ಬಂದ ಒಬ್ಬ ಮೇಸ್ತ್ರಿ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತಿ ಹೋದ. ನೀರು ಹೊರಗೆ ಹರಿಯುವ ದಾರಿಯೂ ಮುಚ್ಚಿಹೋಯಿತು. ಹಂಚು ಬದಲಾಯಿಸುವುದೇ ಸರಿ. ಅಂಗಡಿಗೆ ಹೋಗುವಾಗ ಹಳೇದೊಂದು ಒಯ್ಯಿರಿ, ಕಂಪನಿ ಬೇರೆಯಾದರೆ ಲಾಕ್ ಕೂರುವುದಿಲ್ಲ. ಬೆನ್ನ ಮೇಲೆ 1865 ಅಂತ ಅಚ್ಚಿದ್ದರೆ ಅದು ಹಂಚಿನ ವಯಸ್ಸಲ್ಲ, ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದ ವರ್ಷ. ಅಂಥವಕ್ಕೆ ಜೋಡಿ ಬೇಕಾದರೆ ಕೆಡವಿದ ಮನೆಗಳ ಹಂಚು ಮಾರುವವರನ್ನೇ ಕೇಳಬೇಕು.

ಮಾಡಿನ ನೆತ್ತಿ ಮುಚ್ಚುವ ಮೂಲೆ ಹಂಚಿಗೆ ಬರೀ ಸಿಮೆಂಟ್ ಗಾರೆ ಬೇಡ, ಬಿಸಿಲಿಗೆ ಬಿರಿಯುತ್ತದೆ. 1 ಭಾಗ ಸಿಮೆಂಟ್, 1 ಭಾಗ ಸುಣ್ಣ, 6 ಭಾಗ ಮರಳು ಕಲಸಿ. ಎರಡು ಮಾಡು ಸೇರುವ ಕಡೆ ಇರುವ ತಗಡಿನ ದೋಣಿಯಿಂದ ತರಗೆಲೆ ತೆಗೆಯಿರಿ. ತಗಡಿಗೆ ತೂತು ಬಿದ್ದಿದ್ದರೆ ತೇಪೆ ಹಾಕದೆ ಇಡೀ ತಗಡನ್ನೇ ಬದಲಾಯಿಸಿ.

ಹತ್ತುವಾಗ ಹಂಚಿನ ಮೇಲೆ ಅಡ್ಡ ಏಣಿ ಮಲಗಿಸಿ, ಭಾರ ಹಂಚಿಹೋಗುತ್ತದೆ. ಪಾಚಿ ಒದ್ದೆಯಿದ್ದಾಗ ಹತ್ತಲೇಬೇಡಿ. ಮಳೆಯ ಮಧ್ಯೆ ಮಂಗ ಕುಣಿದು ಹಂಚು ಒಡೆದರೆ ಅಟ್ಟದಿಂದಲೇ ಅಡಿಕೆ ಹಾಳೆ ತೂರಿಸಿ. ಹಾಳೆಯ ಮೇಲ್ತುದಿ ಮೇಲಿನ ಹಂಚಿನ ಅಡಿಗೆ ಹೋಗಬೇಕು, ಕೆಳತುದಿ ಕೆಳಗಿನ ಹಂಚಿನ ಮೇಲೆ ಕೂರಬೇಕು. ಉಲ್ಟಾ ಆದರೆ ಇಡೀ ನೀರು ಅಟ್ಟಕ್ಕೇ.