ಮನೆ ಅಂಗಳದಲ್ಲೇ ಕಾರಿಗೆ ಅಂಡರ್‌ಕೋಟಿಂಗ್ ಹೊಡೀತೀರಾ? ಗನ್ನಿಗಿಂತ ಮೊದ್ಲು ಕಂಪ್ರೆಸರ್ ನೋಡಿ

ಮಲ್ಪೆ, ಉಡುಪಿ ಕಡೆ ಗಾಡಿ ಇಟ್ಕೊಂಡವ್ರಿಗೆ ತುಕ್ಕಿನ ಬಗ್ಗೆ ಯಾರೂ ಪಾಠ ಮಾಡ್ಬೇಕಾಗಿಲ್ಲ. ಒಂದ್ಕಡೆ ಸಮುದ್ರದ ಉಪ್ಪು ಗಾಳಿ, ಇನ್ನೊಂದ್ಕಡೆ ಎದುರಿಗೆ ಹೋಗೋ ಮೀನಿನ ಗಾಡಿಯಿಂದ ರಸ್ತೆಗೆ ಸುರಿಯೋ ನೀರು, ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿಯ ಅಡಿಭಾಗ ಒಣಗೋದು ಅಂತಲೇ ಇಲ್ಲ. ಅದಕ್ಕೇ ಅಂಡರ್‌ಕೋಟಿಂಗ್, ಅಂದ್ರೆ ತುಕ್ಕು ಹಿಡೀದ ಹಾಗೆ ಗಾಡಿಯ ಅಡಿಗೆ ಹೊಡೆಯೋ ಲೇಪ. ಗ್ಯಾರೇಜಲ್ಲಿ ಹೊಡ್ಸಿದ್ರೂ ಆಗ್ತದೆ, ಆದ್ರೆ ನಮ್ಮ ಕೈಯಲ್ಲೇ ಮಾಡಿದ್ರೆ ಸಂದುಗೊಂದು ಎಲ್ಲ ನಿಧಾನಕ್ಕೆ ನೋಡ್ಕೊಂಡು ಹೊಡೀಬಹುದು. ಏನೇನು ಸಾಮಾನು ಬೇಕು, ಯಾವುದಕ್ಕೆ ದುಡ್ಡು ಹಾಕ್ಬೇಕು, ಯಾವುದಕ್ಕೆ ಬೇಡ ಅಂತ ಬರೀತೇನೆ.

ಮೊದ್ಲು ನಾನು ಮಾಡಿದ ಪೆದ್ದುತನ ಹೇಳಿಬಿಡ್ತೇನೆ. ಟೈರಿಗೆ ಗಾಳಿ ಹಾಕೋ 12 ವೋಲ್ಟಿನ ಪುಟ್ಟ ಪಂಪ್ ಇತ್ತು, ಅದರ ಮೇಲೆ 150 ಪಿಎಸ್‌ಐ ಅಂತ ದೊಡ್ಡದಾಗಿ ಬರ್ದಿತ್ತು, ಅಷ್ಟು ಪ್ರೆಶರ್ ಇದ್ಮೇಲೆ ಇನ್ನೇನು ಅಂತ ಗಾಳಿಯಿಂದ ಕೋಟಿಂಗ್ ಸಿಂಪಡಿಸೋ ಗನ್ ಮಾತ್ರ ತರಿಸ್ಕೊಂಡೆ. ಟ್ರಿಗರ್ ಒತ್ತಿದ್ರೆ ಪುಸ್ ಅಂತ ಎರಡು ಉಂಡೆ ಡಾಂಬರು ಬಿತ್ತು, ಅಷ್ಟೇ, ಅದೂ ನನ್ನ ಕನ್ನಡಕದ ಮೇಲೆ. ವಿಷ್ಯ ಏನಂದ್ರೆ ಪ್ರೆಶರ್ ಬೇರೆ, ನಿಮಿಷಕ್ಕೆ ಎಷ್ಟು ಗಾಳಿ ಕೊಡ್ತದೆ ಅನ್ನೋದು ಬೇರೆ, ಗನ್ ಕೇಳೋದು ಎರಡನೇದನ್ನ. ಅದನ್ನ ಸಿಎಫ್‌ಎಂ ಅಂತಾರೆ, 1 ಸಿಎಫ್‌ಎಂ ಅಂದ್ರೆ ನಿಮಿಷಕ್ಕೆ ಸುಮಾರು 28 ಲೀಟರ್ ಗಾಳಿ. ಗನ್ನಿಗೆ ಎಷ್ಟು ಬೇಕು ಅಂತ ಅದರ ಡಬ್ಬದ ಮೇಲೇ ಬರ್ದಿರ್ತದೆ, ಅದನ್ನ ನೋಡ್ಕೊಂಡು ಆಮೇಲೆ ಆ ಗಾಳಿ ಕೊಡೋ ಮಷಿನ್, ಅಂದ್ರೆ ಕಂಪ್ರೆಸರ್, ತರ್ಲಿಕ್ಕೆ ಅಂಗಡಿಗೆ ಹೋಗಿ.

ಅಂಗಡಿಯವ್ರು ಎಚ್‌ಪಿ ಎಷ್ಟು, ಟ್ಯಾಂಕ್ ಎಷ್ಟು ಲೀಟರ್ ಅಂತ ಮಾತ್ರ ಹೇಳ್ತಾರೆ. ನೀವು ಎಫ್‌ಎಡಿ ಎಷ್ಟು ಅಂತ ಕೇಳಿ, ಅಂದ್ರೆ ನಿಜವಾಗ್ಲೂ ಹೊರಗೆ ಬರೋ ಗಾಳಿ. ಡಿಸ್‌ಪ್ಲೇಸ್‌ಮೆಂಟ್ ಅಂತ ಬರ್ದಿರೋ ನಂಬರ್ ಯಾವಾಗ್ಲೂ ಅದಕ್ಕಿಂತ ದೊಡ್ಡದಾಗಿರ್ತದೆ, ಅದಕ್ಕೆ ಮರುಳಾಗ್ಬೇಡಿ. 24, 25 ಲೀಟರಿನ ಆಯಿಲ್ ಫ್ರೀ ಮಷಿನ್ ಇದ್ರೂ ಕೆಲ್ಸ ನಡೀತದೆ, ಆದ್ರೆ ಸ್ವಲ್ಪ ಹೊಡ್ದು ಟ್ಯಾಂಕ್ ತುಂಬೋ ತನಕ ಕಾಯ್ಬೇಕು, ಮತ್ತೆ ಹೊಡೀಬೇಕು, ಒಂದೇ ಕಾರು ಅಂದ್ರೆ ಅದು ಸಾಕು. 2 ಎಚ್‌ಪಿ, 50 ಲೀಟರಿಂದು ಇದ್ರೆ ಆರಾಮ, ಆದ್ರೆ ಅದು ಒಂದೂವರೆ ಕಿಲೋವ್ಯಾಟ್ ಎಳೀತದೆ, ಸ್ಟಾರ್ಟ್ ಆಗುವಾಗ ಇನ್ನೂ ಜಾಸ್ತಿ. ವೋಲ್ಟೇಜ್ ಕಮ್ಮಿ ಇರೋ ಹಳ್ಳಿ ಮನೆಯಲ್ಲಿ ಮೋಟಾರ್ ಗುಂಯ್ ಅಂತ ಕೂತ್ಕೊಂಡು ಬಿಡ್ತದೆ. ಫ್ರಿಜ್ಜಿನ ಪವರ್ ಸಾಕೆಟ್‌ನಿಂದ ಸಣ್ಣ ವಯರ್ ಎಳ್ದು ಅಂಗಳಕ್ಕೆ ತರೋದಕ್ಕಿಂತ ಕಂಪ್ರೆಸರನ್ನ ಸಾಕೆಟ್ ಹತ್ರಾನೇ ಇಟ್ಟು ಗಾಳಿಯ ಹೋಸ್ ಉದ್ದದ್ದು ತಗೊಳ್ಳಿ. ಇದ್ರಲ್ಲಿ ಇನ್ನೊಂದು ಲಾಭ ಉಂಟು, ಕೋಟಿಂಗಲ್ಲಿರೋ ಥಿನ್ನರಿನ ಆವಿಯಿಂದ ಮೋಟಾರಿನ ಕಿಡಿ ದೂರ ಇರ್ತದೆ.

ನಮ್ಮ ಕರಾವಳಿ ಗಾಳಿಯಲ್ಲಿ ತೇವ ಜಾಸ್ತಿ, ಟ್ಯಾಂಕಿನ ತಳದಲ್ಲಿ ನೀರು ನಿಲ್ತದೆ. ತುಕ್ಕು ತಡೀಲಿಕ್ಕೆ ಹೊರಟು ನೀರು ಸೇರಿಸಿ ಹೊಡೆದ್ರೆ ಏನು ಬಂತು? ವಾಟರ್ ಟ್ರ್ಯಾಪ್ ಇರೋ ರೆಗ್ಯುಲೇಟರ್ ಬೇಕೇ ಬೇಕು, ದಿನಾ ಕೆಲ್ಸ ಮುಗಿದ್ಮೇಲೆ ಕೆಳಗಿನ ವಾಲ್ವ್ ಬಿಟ್ಟು ನೀರು ತೆಗೀರಿ.

ಈಗ ಗನ್. ಎರಡು ಜಾತಿ ಉಂಟು, ಜನ ಒಂದನ್ನೇ ತಗೊಂಡು ಮೋಸ ಹೋಗ್ತಾರೆ. ಮೊದಲ್ನೇದು ಶುಟ್ಜ್ ಗನ್, ಒಂದು ಲೀಟರಿನ ಬಾಟ್ಲಿಗೆ ನೇರವಾಗಿ ತಿರುಗಿಸಿ ಕೂರ್ಸೋದು, ದಪ್ಪ ಬಿಟುಮೆನ್ (ಡಾಂಬರು) ಅಥವಾ ರಬ್ಬರೈಸ್ಡ್ ಕೋಟಿಂಗಿಗೆ. ಬಾಟ್ಲಿಯ ಕತ್ತಿನ ಥ್ರೆಡ್ ಗನ್ನಿಗೆ ಹೊಂದ್ತದಾ ನೋಡಿಯೇ ತಗೊಳ್ಳಿ. ಪೇಂಟ್ ಹೊಡೆಯೋ ಮಾಮೂಲಿ ಗನ್ ಇದಕ್ಕೆ ಆಗೋದಿಲ್ಲ, ನಾಝಲ್ ಕಟ್ಟಿ ಹೋಗ್ತದೆ. ಎರಡನೇದು ವ್ಯಾಕ್ಸ್ ಗನ್, ಉದ್ದದ ನೈಲಾನ್ ಪೈಪ್ ಇರ್ತದೆ, ತುದಿಯಲ್ಲಿ ಸುತ್ತಲೂ ಸಿಂಪಡಿಸೋ 360 ಡಿಗ್ರಿ ನಾಝಲ್. ಬಾಗಿಲ ಕೆಳಗಿನ ಸಿಲ್, ಚಾಸಿಸ್ಸಿನ ಬಾಕ್ಸ್, ಡೋರಿನ ಒಳಗೆ ತೆಳು ವ್ಯಾಕ್ಸ್ ಹೋಗೋದು ಇದ್ರಿಂದ ಮಾತ್ರ. ನನ್ನ ಕೇಳಿದ್ರೆ ದುಡ್ಡು ಕಮ್ಮಿ ಇದ್ರೆ ಮೊದ್ಲು ಇದನ್ನೇ ತಗೊಳ್ಳಿ. ನನ್ನ ಹಳೇ ವ್ಯಾನಿನ ಅಡಿಭಾಗ ಕಪ್ಪಗೆ ಮಿರಮಿರ ಮಿಂಚ್ತಿತ್ತು, ಸಿಲ್ ಮಾತ್ರ ಒಳಗಿಂದಲೇ ತಿಂದು ಹೋಗಿ ಜಾಕ್ ಇಟ್ಟಾಗ ಕರಕ್ ಅಂತ ಒಳಗೆ ಹೋಯ್ತು. ಬರೀ ಸ್ಕೂಟರ್ ಅಥವಾ ಒಂದೆರಡು ಜಾಗ ಮಾತ್ರ ಅಂದ್ರೆ ಇದ್ಯಾವ್ದೂ ಬೇಡ, ಉದ್ದ ಸ್ಟ್ರಾ ಇರೋ ಸ್ಪ್ರೇ ಕ್ಯಾನ್ ಸಾಕು.

ತೋಟ ಇರೋರು ಕೇಳ್ತಾರೆ, ಅಡಿಕೆಗೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯೋ ಪಂಪ್ ಉಂಟಲ್ಲ ಅದ್ರಲ್ಲೇ ಹೊಡೆದ್ರೆ ಆಗ್ತದಾ ಅಂತ. ಬೇಡ ಮಾರಾಯ್ರೆ. ಥಿನ್ನರ್ ತಾಗಿದ್ರೆ ಅದರ ವಾಷರ್ ಉಬ್ಬಿ ಹಾಳಾಗ್ತದೆ, ಅದಕ್ಕಿಂತ ಹೆಚ್ಚಾಗಿ ಒಳಗೆ ಮೈಲುತುತ್ತಿನ ಅಂಶ ಉಳ್ದಿರ್ತದೆ. ಬೋರ್ಡೋ ಸರಿ ಆಯ್ತಾ ಅಂತ ನೋಡ್ಲಿಕ್ಕೆ ಕತ್ತಿ ಅದ್ದಿದಾಗ ಸುಣ್ಣ ಕಮ್ಮಿ ಇದ್ರೆ ಅಲಗು ಕೆಂಪಾಗ್ತದಲ್ಲ, ಅದು ಕಬ್ಬಿಣದ ಮೇಲೆ ತಾಮ್ರ ಕೂತದ್ದು. ಅಂಥ ಜಾಗದಲ್ಲಿ ತುಕ್ಕು ಇನ್ನೂ ಬೇಗ ಹಿಡೀತದೆ. ಹಾಗೇ ಕೆಲವ್ರು ಸುಟ್ಟ ಇಂಜಿನ್ ಆಯಿಲ್ ಹೊಡೀತಾರೆ, ಚೀಪು ಹೌದು, ಆದ್ರೆ ರಬ್ಬರ್ ಬುಷ್‌ಗಳನ್ನ ಹಾಳು ಮಾಡ್ತದೆ, ಮಳೆಗೆ ತೊಳ್ದು ಬಾವಿ ಕಡೆಗೇ ಹರೀತದೆ.

ಸೇಫ್ಟಿ ಸಾಮಾನಿಗೆ ಜಿಪುಣತನ ಮಾಡ್ಬೇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗ್ಲೇಬೇಡಿ, ಜಾಕ್ ಸ್ಟ್ಯಾಂಡ್ ಬೇಕು, ಮಣ್ಣಿನ ಅಂಗಳ ಆದ್ರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಇಡಿ. ಎನ್95 ಮಾಸ್ಕ್ ಧೂಳಿಗೆ ಸರಿ, ಥಿನ್ನರಿನ ಆವಿಗೆ ಅದ್ರಿಂದ ಏನೂ ಉಪಯೋಗ ಇಲ್ಲ, ಕಂದು ಪಟ್ಟಿ ಇರೋ ಕಾರ್ಟ್ರಿಜ್ ಮಾಸ್ಕ್ ತಗೊಳ್ಳಿ. ಕಣ್ಣಿಗೆ ಗಾಗಲ್ಸ್, ಮೈಗೆ ಹಳೇ ರೈನ್‌ಕೋಟ್.

ಹೊಡೆಯೋದಕ್ಕೆ ಡಿಸೆಂಬರ್, ಜನವರಿ ಒಳ್ಳೇದು. ಅಡಿ ತೊಳ್ದು ಎರಡ್ಮೂರು ದಿನ ಪೂರ್ತಿ ಒಣಗ್ಲಿ, ಎದ್ದಿರೋ ತುಕ್ಕನ್ನ ವಯರ್ ಬ್ರಶ್ಶಲ್ಲಿ ಕೆರೀರಿ. ತುಕ್ಕಿನ ಮೇಲೆ ಬಿಟುಮೆನ್ ಹೊಡೆದ್ರೆ ತೇವವನ್ನ ಒಳಗೆ ಹಾಕಿ ಬೀಗ ಹಾಕಿದ ಹಾಗೆ, ಹೊರಗಿಂದ ಚಂದ, ಒಳಗೆ ಪುಡಿ. ಸೈಲೆನ್ಸರ್, ಬ್ರೇಕ್ ಡಿಸ್ಕ್, ಸೆನ್ಸರ್, ರಬ್ಬರ್ ಬುಷ್ ಎಲ್ಲ ಪೇಪರ್ ಟೇಪ್ ಹಾಕಿ ಮುಚ್ಚಿ. ಶುಟ್ಜ್ ಗನ್ನಿಗೆ 60ರಿಂದ 90 ಪಿಎಸ್‌ಐ ಒಳಗೆ, ಒಂದಡಿ ದೂರದಿಂದ, ಮೊದ್ಲು ಒಂದು ಹಳೇ ರಟ್ಟಿನ ಮೇಲೆ ಹೊಡ್ದು ನೋಡಿ. ದಪ್ಪ ಆಗಿದ್ರೆ ಬಾಟ್ಲಿಯನ್ನ ಬಿಸಿನೀರಿನ ಬಕೆಟಲ್ಲಿ ಇಡಿ, ಒಲೆ ಹತ್ರ ಮಾತ್ರ ಬೇಡ. ಸಣ್ಣ ಕಾರಿಗೆ ಅಂಥ ಮೂರ್ನಾಲ್ಕು ಬಾಟ್ಲಿ ಬೇಕಾಗ್ತದೆ.

ಮುಗಿದ ಕೂಡ್ಲೇ, ಚಹಾ ಕುಡೀಲಿಕ್ಕೆ ಹೋಗೋ ಮೊದ್ಲೇ, ಗನ್ನಿಗೆ ಟರ್ಪೆಂಟೈನ್ ತುಂಬಿ ಹೊಡೀರಿ, ಒಣಗಿದ್ರೆ ಆ ಗನ್ ಮತ್ತೆ ಬರೋದಿಲ್ಲ. ಆಮೇಲೆ ಸೈಕಲ್ಲಿನ ಹಳೇ ಸ್ಪೋಕ್ ಒಂದು ಹುಡ್ಕಿ, ಸಿಲ್ಲಿನ ಕೆಳಗೆ, ಬಾಗಿಲಿನ ಕೆಳಗೆ ನೀರು ಹೋಗ್ಲಿಕ್ಕೆ ಸಣ್ಣ ತೂತುಗಳು ಇರ್ತಾವಲ್ಲ, ಒಂದೊಂದನ್ನೂ ಚುಚ್ಚಿ ಬಿಡಿಸಿ.