ಕ್ಲೌಡ್ ಫೈಲು ಕೈಕೊಟ್ಟಿತಾ? ಮೊದಲು ನಕಲು, ಆಮೇಲೆ ರಿಪೇರಿ

ಕಳೆದ ತಿಂಗಳು ರಾತ್ರಿ ಹತ್ತು ಗಂಟೆಗೆ ಚಿಕ್ಕಮ್ಮ ಫೋನ್ ಮಾಡಿದರು. ಅವರು ತಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಳ್ಳುತ್ತಾರೆ. "ಮಧ್ಯಾಹ್ನ ಎರಡು ಗಂಟೆ ಕೂತು ಸಾಲದ ಕಂತೆಲ್ಲ ತುಂಬಿಸಿದ್ದೀನಿ ಕಣೋ. ಈಗ ಇನ್ನೊಬ್ಬರು ತೆಗೆದು ನೋಡಿದರೆ ಹಳೇ ಲೆಕ್ಕವೇ ಇದೆಯಂತೆ. ನಾನು ಬರೆದದ್ದು ಎಲ್ಲಿ ಹೋಯ್ತು?"

ಎಲ್ಲೂ ಹೋಗಿರಲಿಲ್ಲ. ಅವರ ಲ್ಯಾಪ್‌ಟಾಪಿನಲ್ಲೇ ಇತ್ತು. ಮಧ್ಯಾಹ್ನ ಕರೆಂಟ್ ಹೋಗಿ ವೈಫೈ ಇರಲಿಲ್ಲ. ಕೆಲಸ ಮುಗಿದ ತಕ್ಷಣ ಅವರು ಮುಚ್ಚಳ ಹಾಕಿ ಬೀರುವಿನಲ್ಲಿ ಎತ್ತಿಟ್ಟಿದ್ದರು. ಫೈಲಿಗೆ ಇಂಟರ್ನೆಟ್ ಮೂಲಕ ಮೇಲೆ, ಕ್ಲೌಡ್‌ಗೆ ಹೋಗಲು ದಾರಿಯೇ ಸಿಕ್ಕಿರಲಿಲ್ಲ.

ಇಷ್ಟು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ಒನ್‌ಡ್ರೈವ್ ಅಂದರೆ ಇಂಟರ್ನೆಟ್ಟಿನಲ್ಲಿ ಫೈಲು ಇಡಲು ಮೈಕ್ರೋಸಾಫ್ಟ್ ಕೊಡುವ ಜಾಗ. ಅಲ್ಲಿರುವ ಫೈಲನ್ನು ನಾವು ಕಂಪ್ಯೂಟರಿನ ವರ್ಡ್ ಅಥವಾ ಎಕ್ಸೆಲ್‌ನಲ್ಲಿ ತೆರೆದಾಗ ಇರುವುದು ಒಂದು ಪ್ರತಿಯಲ್ಲ, ಎರಡು. ಒಂದು ನಮ್ಮ ಯಂತ್ರದಲ್ಲಿ, ಇನ್ನೊಂದು ಕಂಪನಿಯ ಸರ್ವರಿನಲ್ಲಿ. ಇವೆರಡನ್ನೂ ಸರಿಸಮ ಇಡುವ ಕೆಲಸಕ್ಕೇ ಸಿಂಕ್ ಅನ್ನುವುದು. ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡು ಪ್ರತಿಗಳು ಒಂದಕ್ಕೊಂದು ತಾಳೆಯಾಗದೆ ಬರುವಂಥವು. ಇಲ್ಲಿ ಹೇಳುತ್ತಿರುವುದು ವಿಂಡೋಸ್ ಕಂಪ್ಯೂಟರಿನ ಮಾತು. ಗೂಗಲ್ ಡ್ರೈವ್ ಬಳಸುವವರಿಗೂ ನಡುವೆ ಒಂದಿಷ್ಟು ಇದೆ.

ಮೊದಲ ಕೆಲಸ: ಬೇರೆ ಕಡೆ ಒಂದು ನಕಲು

'ಅಪ್‌ಲೋಡ್ ಫೇಲ್ಡ್' ಎಂದು ಕೆಂಪು ಅಥವಾ ಹಳದಿ ಪಟ್ಟಿ ಬಂದಾಗ ಅದರ ಜೊತೆ ಒಂದೆರಡು ಬಟನ್ನುಗಳೂ ಬರುತ್ತವೆ. ಅದರಲ್ಲಿ 'ಡಿಸ್ಕಾರ್ಡ್ ಚೇಂಜಸ್' ಎಂದಿದ್ದರೆ ದಯವಿಟ್ಟು ಮುಟ್ಟಬೇಡಿ. ಅದು ನೀವು ಬರೆದದ್ದನ್ನು ಬಿಸಾಕಿ ಸರ್ವರಿನ ಹಳೇ ಪ್ರತಿಯನ್ನು ಉಳಿಸಿಕೊಳ್ಳುತ್ತದೆ.

ಫೈಲು ಇನ್ನೂ ತೆರೆದಿದೆಯಾ? ಹಾಗಾದರೆ ಕೀಬೋರ್ಡಿನ ಮೇಲ್ಸಾಲಿನ ಎಫ್ 12 ಒತ್ತಿ. 'ಸೇವ್ ಆ್ಯಸ್' ಕಿಟಕಿ ಬರುತ್ತದೆ. ಹೆಸರಿನ ಕೊನೆಗೆ ಇವತ್ತಿನ ತಾರೀಖು ಸೇರಿಸಿ ಉಳಿಸಿ. ಎಲ್ಲಿ ಉಳಿಸುತ್ತೀರಿ ಅನ್ನುವುದು ಇಲ್ಲಿ ಮುಖ್ಯ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ನಮ್ಮ ಯಂತ್ರದಲ್ಲೇ ಇವೆ ಅಂದುಕೊಂಡಿರುತ್ತೇವೆ. ಆದರೆ ಈಗಿನ ಎಷ್ಟೋ ಕಂಪ್ಯೂಟರುಗಳಲ್ಲಿ ಒನ್‌ಡ್ರೈವ್ ಇವೆರಡನ್ನೂ ತನ್ನೊಳಗೆ ಸೇರಿಸಿಕೊಂಡಿರುತ್ತದೆ. ಅಲ್ಲಿಟ್ಟರೆ ಮತ್ತೆ ಅದೇ ಗೊಂದಲದೊಳಗೇ ಇಟ್ಟ ಹಾಗೆ. ಡಿ ಡ್ರೈವ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಪೆನ್‌ಡ್ರೈವಿನಲ್ಲಿ ಇಡಿ. ಇದಾದ ಮೇಲೆ ಏನೇ ಪ್ರಯೋಗ ಮಾಡಿದರೂ ನಿಮ್ಮ ಕೆಲಸ ಕೈತಪ್ಪುವುದಿಲ್ಲ.

ಎರಡನೆಯದು: ಮೋಡದ ಚಿಹ್ನೆ ಏನು ಹೇಳುತ್ತಿದೆ?

ಪರದೆಯ ಬಲ ಕೆಳಮೂಲೆಯಲ್ಲಿ ಗಡಿಯಾರದ ಪಕ್ಕ ಒಂದು ಪುಟ್ಟ ಮೋಡ ಇರುತ್ತದೆ. ಕಾಣದಿದ್ದರೆ ಅಲ್ಲೇ ಇರುವ ಮೇಲ್ಮುಖದ ಬಾಣ ಒತ್ತಿ. ಮೋಡದ ಮೇಲೆ ಎರಡು ಬಾಣಗಳು ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ, ಸುಮ್ನೆ ಕಾಯಿರಿ. ಕೆಂಪು ವೃತ್ತದಲ್ಲಿ ಅಡ್ಡಗುರುತು ಇದ್ದರೆ ಎಲ್ಲೋ ಸಿಕ್ಕಿಕೊಂಡಿದೆ, ಅದರ ಮೇಲೆ ಒತ್ತಿದರೆ ಯಾವ ಫೈಲು ಅಂತ ತೋರಿಸುತ್ತದೆ. ಎರಡು ನಿಂತ ಗೆರೆಗಳಿದ್ದರೆ ಸಿಂಕ್ ನಿಲ್ಲಿಸಲಾಗಿದೆ ಎಂದರ್ಥ.

ಈ ನಿಲ್ಲಿಸುವುದು ನಾವೇ ಮಾಡಬೇಕೆಂದಿಲ್ಲ. ಬ್ಯಾಟರಿ ಕಡಿಮೆಯಾಗಿ ಬ್ಯಾಟರಿ ಸೇವರ್ ಶುರುವಾದರೆ ಒನ್‌ಡ್ರೈವ್ ತಾನಾಗಿಯೇ ನಿಲ್ಲುತ್ತದೆ. ಮೊಬೈಲ್ ಹಾಟ್‌ಸ್ಪಾಟನ್ನು ವಿಂಡೋಸ್ 'ಮೀಟರ್ಡ್' (ಡೇಟಾ ಲೆಕ್ಕವಿಟ್ಟು ಬಳಸಬೇಕಾದ ಸಂಪರ್ಕ) ಎಂದು ಗುರುತಿಸಿಕೊಂಡಿದ್ದರೂ ಅಷ್ಟೇ, ಡೇಟಾ ಉಳಿಸಲು ನಿಲ್ಲುತ್ತದೆ. ಕರೆಂಟ್ ಹೋದಾಗ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೆಲಸ ಮುಂದುವರಿಸುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಎರಡೂ ಕಾರಣಗಳು ಒಟ್ಟಿಗೇ ಸೇರುವುದೂ ಉಂಟು. ಮೋಡದ ಮೇಲೆ ಒತ್ತಿ, 'ರೆಸ್ಯೂಮ್' ಅಥವಾ 'ಸಿಂಕ್ ಎನಿವೇ' ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ.

ಅಲ್ಲಿಯೇ ಜಾಗ ಎಷ್ಟು ಉಳಿದಿದೆ ಎಂದೂ ನೋಡಿಕೊಳ್ಳಿ. ಉಚಿತ ಒನ್‌ಡ್ರೈವ್‌ನಲ್ಲಿ ಸಿಗುವುದು 5 ಜಿಬಿ ಮಾತ್ರ. ಗೂಗಲ್‌ನಲ್ಲಿ 15 ಜಿಬಿ, ಆದರೆ ಅದರಲ್ಲಿ ಜಿಮೇಲ್ ಮತ್ತು ಫೋಟೋಗಳಿಗೂ ಪಾಲಿದೆ. ಮದುವೆ ಫೋಟೋಗಳು ತುಂಬಿಕೊಂಡಿದ್ದರೆ ಪುಟ್ಟ ವರ್ಡ್ ಫೈಲಿಗೂ ಜಾಗ ಸಿಗುವುದಿಲ್ಲ.

ಲಾಕ್ ಆಗಿದೆ ಎಂದರೆ

'ಇನ್ನೊಬ್ಬರು ಈ ಫೈಲು ಬಳಸುತ್ತಿದ್ದಾರೆ' ಎಂದು ಬರುತ್ತದೆ. ಆ ಇನ್ನೊಬ್ಬರ ಹೆಸರು ನೋಡಿದರೆ ನಿಮ್ಮದೇ! ಇದು ತುಂಬ ಜನರನ್ನು ಕಂಗೆಡಿಸುತ್ತದೆ. ಹೀಗಾಗಲು ಕಾರಣ ಇಷ್ಟು. ಫೋಲ್ಡರಿನಿಂದ ಫೈಲು ತೆರೆದಾಗ ವರ್ಡ್ ಅದರ ಪಕ್ಕದಲ್ಲೇ ~$ ಗುರುತಿನಿಂದ ಶುರುವಾಗುವ ಒಂದು ಚಿಕ್ಕ ಫೈಲು ಮಾಡಿಡುತ್ತದೆ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ. ಮುಚ್ಚಿದಾಗ ಅದನ್ನು ತಾನೇ ತೆಗೆಯುತ್ತದೆ. ನಡುವೆ ಕಂಪ್ಯೂಟರ್ ದಿಢೀರ್ ಆಫ್ ಆದರೆ ಕರ್ಚೀಫ್ ಅಲ್ಲೇ ಉಳಿಯುತ್ತದೆ.

ತೆಗೆಯುವ ಕ್ರಮ ಹೀಗೆ. ವರ್ಡ್, ಎಕ್ಸೆಲ್ ಎಲ್ಲ ಮುಚ್ಚಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ವರ್ಡ್ ಇನ್ನೂ ಇದ್ದರೆ 'ಎಂಡ್ ಟಾಸ್ಕ್' ಕೊಡಿ. ಆಮೇಲೆ ಫೋಲ್ಡರಿಗೆ ಹೋಗಿ 'ವ್ಯೂ' ಮೆನುವಿನಲ್ಲಿ 'ಹಿಡನ್ ಐಟಮ್ಸ್' ಆರಿಸಿ. ~$ ಇರುವ ಆ ಫೈಲು ಮಸುಕಾಗಿ ಕಾಣುತ್ತದೆ. ಬೇರೆ ಯಾರೂ ನಿಜವಾಗಿ ತೆರೆದುಕೊಂಡಿಲ್ಲ ಎಂದು ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಅದನ್ನಷ್ಟೇ ಅಳಿಸಿ. ವರ್ಡ್ ಬದಲು ಲಿಬ್ರೆ ಆಫೀಸ್ ಬಳಸುವವರಿಗೆ ಇದೇ ಥರದ ಫೈಲಿನ ಹೆಸರಿನಲ್ಲಿ 'ಲಾಕ್' ಎಂಬ ಪದವೇ ಇರುತ್ತದೆ.

ಅಂಥ ಫೈಲು ಕಾಣಲೇ ಇಲ್ಲವೇ? ಬೀಗ ಸರ್ವರಿನ ಕಡೆ ಇದೆ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ತೆರೆಯಿರಿ, ಹೆಚ್ಚಾಗಿ ತಾನೇ ಬಿಟ್ಟುಕೊಂಡಿರುತ್ತದೆ.

ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ

ಮೇಲೆ ಹಳದಿ ಪಟ್ಟಿ ಇದ್ದು 'ಎನೇಬಲ್ ಎಡಿಟಿಂಗ್' ಎಂದಿದ್ದರೆ, ಫೈಲು ಗೊತ್ತಿರುವವರಿಂದ ಬಂದದ್ದೇ ಎಂದು ನೋಡಿಕೊಂಡು ಒತ್ತಿ. ಪಟ್ಟಿ ಇಲ್ಲದೆ ಬರೀ 'ರೀಡ್ ಓನ್ಲಿ' ಎಂದಿದ್ದರೆ ಎರಡು ಸಾಧ್ಯತೆ. ಕಳಿಸಿದವರು ನಿಮಗೆ ನೋಡಲು ಮಾತ್ರ ಅನುಮತಿ ಕೊಟ್ಟಿರಬಹುದು, ಅದನ್ನು ಅವರೇ ಬದಲಿಸಬೇಕು. ಇಲ್ಲವೇ ನೀವು ಬೇರೆ ಖಾತೆಯಲ್ಲಿರಬಹುದು. ಆಫೀಸಿನದೊಂದು, ಸ್ವಂತದ್ದೊಂದು ಮೇಲ್ ಇರುವವರಿಗೆ ಇದು ಜಾಸ್ತಿ. ಒನ್‌ಡ್ರೈವ್ ಒಂದು ಖಾತೆಯಲ್ಲಿ, ವರ್ಡ್ ಇನ್ನೊಂದರಲ್ಲಿ ಇರುತ್ತದೆ. ವರ್ಡ್‌ನಲ್ಲಿ 'ಫೈಲ್', ಆಮೇಲೆ 'ಅಕೌಂಟ್' ಒತ್ತಿ ಯಾವ ಮೇಲ್ ಇದೆ ನೋಡಿ. ಲಾಗಿನ್ ಪದೇ ಪದೇ ಕೇಳುತ್ತಿದ್ದರೆ ಕಂಪ್ಯೂಟರಿನ ತಾರೀಖು ಸರಿಯಿದೆಯೇ ಎಂದೂ ನೋಡಿ. ಒಳಗಿನ ಸೆಲ್ ಸತ್ತ ಹಳೇ ಕಂಪ್ಯೂಟರುಗಳಲ್ಲಿ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಓಡಿರುತ್ತದೆ, ಆಗ ಸರ್ವರ್ ಒಳಗೆ ಬಿಡುವುದಿಲ್ಲ.

ಗೂಗಲ್ ಡ್ರೈವ್ ಫೋಲ್ಡರಿನಲ್ಲಿರುವ ಗೂಗಲ್ ಡಾಕ್ಸ್ ಫೈಲು ಮಾತ್ರ ವರ್ಡ್‌ನಲ್ಲಿ ತೆರೆಯಲು ಬರುವುದಿಲ್ಲ. ಅದು ಬರೀ ಲಿಂಕು, ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ವರ್ಡ್ ಫೈಲನ್ನೇ ಅಲ್ಲಿಟ್ಟರೆ ತೊಂದರೆಯಿಲ್ಲ. ಆದರೆ ಇಬ್ಬರು ಒಂದೇ ಹೊತ್ತಿಗೆ ತಂತಮ್ಮ ವರ್ಡ್‌ನಲ್ಲಿ ತಿದ್ದಿದರೆ ಗೂಗಲ್ ಡಾಕ್ಸ್‌ನಲ್ಲಾಗುವಂತೆ ಅವು ಒಂದರೊಳಗೊಂದು ಬೆರೆಯುವುದಿಲ್ಲ.

ಕನ್ನಡದವರಿಗೆ ಎರಡು ಮಾತು

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಕ್ಲೌಡ್‌ಗೆ ಹೋಗಿ ಇನ್ನೊಬ್ಬರ ಯಂತ್ರದಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಹಾಳಾಗಿದೆ ಎಂದು ಅಳಿಸಿಬಿಡಬೇಡಿ! ಆ ಹಳೇ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡದ ರೂಪ ಕೊಡುವುದು ಫಾಂಟು. ಆ ಯಂತ್ರದಲ್ಲಿ ಫಾಂಟು ಹಾಕಿದರೆ ಸರಿಯಾಗುತ್ತದೆ. ಶಾಶ್ವತ ಪರಿಹಾರ ಬೇಕೆಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನುಡಿ, ಬರಹ ಎರಡರಲ್ಲೂ ಬದಲಿಸುವ ಸೌಲಭ್ಯ ಇದೆ. ಒಮ್ಮೆ ಮಾಡಿದರೆ ಫೋನಿನಲ್ಲೂ ಓದಬಹುದು, ಹುಡುಕಲೂಬಹುದು.

ಇನ್ನೊಂದು, ಹೆಸರಿನ ಉದ್ದ. ಫೋಲ್ಡರಿನೊಳಗೆ ಫೋಲ್ಡರ್ ಮಾಡುತ್ತಾ ಹೋದರೆ ಇಡೀ ವಿಳಾಸ ಉದ್ದವಾಗುತ್ತದೆ. 218 ಅಕ್ಷರ ದಾಟಿದರೆ ಎಕ್ಸೆಲ್ ತೆರೆಯಲು ಒಪ್ಪುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟಾಗ ಈ ಲೆಕ್ಕ ಬೇಗ ತುಂಬುತ್ತದೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಆರು: ಸ, ತ, ರ, ನಡುವೆ ಒತ್ತಕ್ಷರ ಮಾಡುವ ಎರಡು ಗುರುತು (್), ಕೊನೆಗೊಂದು ದೀರ್ಘದ ಗುರುತು. ಹಾಗಂತ ಕನ್ನಡ ಬಿಡಬೇಕಿಲ್ಲ. ಹೆಸರು ಚಿಕ್ಕದಿಡಿ, ಫೋಲ್ಡರಿನ ಆಳ ಕಡಿಮೆ ಮಾಡಿ.

ಒಂದು ಫೈಲು ಎರಡಾದಾಗ

ಚಿಕ್ಕಮ್ಮನ ಕಥೆ ಇಲ್ಲಿಗೇ ಬಂತು. ಲ್ಯಾಪ್‌ಟಾಪ್ ತೆಗೆಸಿ ವೈಫೈ ಹಾಕಿಸಿದೆ. ಬಾಣಗಳು ಸುತ್ತಿದವು, ನಿಂತವು. ಫೋಲ್ಡರಿನಲ್ಲಿ ಈಗ ಒಂದೇ ಹೆಸರಿನ ಎರಡು ಫೈಲು. ಒಂದರ ಬಾಲಕ್ಕೆ ಅವರ ಲ್ಯಾಪ್‌ಟಾಪಿನ ಹೆಸರು ಅಂಟಿಕೊಂಡಿತ್ತು. ಅಷ್ಟರಲ್ಲಿ ಇನ್ನೊಬ್ಬರು ಹಳೇ ಪ್ರತಿಯಲ್ಲೇ ನಾಲ್ಕು ಕಂತು ಬರೆದುಬಿಟ್ಟಿದ್ದರು. ಯಾರದನ್ನು ಇಟ್ಟುಕೊಳ್ಳಬೇಕೆಂದು ತಿಳಿಯದೆ ಒನ್‌ಡ್ರೈವ್ ಎರಡನ್ನೂ ಇಟ್ಟುಕೊಂಡಿತ್ತು. ಇಂಥ ಹೊತ್ತಿನಲ್ಲಿ ಅದೇ ಒಳ್ಳೆಯದು.

ಎರಡನ್ನೂ ಎಕ್ಸೆಲ್‌ನಲ್ಲಿ ತೆರೆದು 'ವ್ಯೂ' ಮೆನುವಿನ 'ವ್ಯೂ ಸೈಡ್ ಬೈ ಸೈಡ್' ಒತ್ತಿಸಿದೆ. ಒಂದನ್ನು ಸರಿಸಿದರೆ ಇನ್ನೊಂದೂ ಜೊತೆಗೆ ಸರಿಯುತ್ತದೆ. ಆ ನಾಲ್ಕು ಸಾಲುಗಳನ್ನು ಚಿಕ್ಕಮ್ಮನ ಫೈಲಿಗೆ ಸೇರಿಸಿದೆವು. ವರ್ಡ್ ಆಗಿದ್ದರೆ ಇನ್ನೂ ಸುಲಭ, 'ರಿವ್ಯೂ' ಮೆನುವಿನ 'ಕಂಪೇರ್' ವ್ಯತ್ಯಾಸಗಳನ್ನು ತಾನೇ ಗುರುತು ಹಾಕಿ ತೋರಿಸುತ್ತದೆ. ಎರಡು ಫೈಲಾಗದೆ ಒಂದರ ಮೇಲೊಂದು ಸೇವ್ ಆಗಿ ಹಳೆಯದು ಅಳಿಸಿಹೋಗಿದ್ದರೆ 'ಫೈಲ್', 'ಇನ್ಫೋ', 'ವರ್ಷನ್ ಹಿಸ್ಟರಿ'ಗೆ ಹೋಗಿ. ಹಿಂದಿನ ಪ್ರತಿಗಳು ಗಂಟೆ, ನಿಮಿಷದ ಸಮೇತ ಇರುತ್ತವೆ.

ಇಬ್ಬರು ಬರೆದದ್ದು ಒಂದರಲ್ಲೇ ಸೇರದೆ ಎರಡು ಫೈಲಾಗಲು ಕಾರಣ ಆಮೇಲೆ ಸಿಕ್ಕಿತು. ಅವರ ಫೈಲು ಹಳೆಯ ಎಕ್ಸ್‌ಎಲ್‌ಎಸ್ (.xls) ಮಾದರಿಯದು, ಮೇಲೆ 'ಕಂಪ್ಯಾಟಿಬಿಲಿಟಿ ಮೋಡ್' ಎಂದು ಬರೆದಿತ್ತು. ಅಂಥ ಫೈಲಿಗೆ ತಾನಾಗಿಯೇ ಉಳಿಸುವ ಆಟೋಸೇವ್ ಇಲ್ಲ, ಇಬ್ಬರು ಒಟ್ಟಿಗೆ ತಿದ್ದಲೂ ಆಗುವುದಿಲ್ಲ. ತೆರೆಯಲು ಪಾಸ್‌ವರ್ಡ್ ಹಾಕಿದ ಫೈಲಿನ ಕಥೆಯೂ ಹೀಗೆಯೇ. 'ಫೈಲ್', 'ಇನ್ಫೋ', 'ಕನ್ವರ್ಟ್' ಮೂರೇ ಒತ್ತು. ಎಡ ಮೇಲ್ಮೂಲೆಯಲ್ಲಿ ಆಟೋಸೇವ್ ಬಟನ್ ಬೆಳಗಿತು. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಮತ್ತು ಆ ಇನ್ನೊಬ್ಬರು ತಂತಮ್ಮ ಮನೆಯಲ್ಲಿ ಕೂತು ಒಂದೇ ಹಾಳೆ ತೆರೆದರು. ಒಬ್ಬರು ಹೊಡೆದ ಅಂಕಿ ಇನ್ನೊಬ್ಬರ ಪರದೆಯಲ್ಲಿ ಮೂಡುವುದನ್ನು ನೋಡಿ ಚಿಕ್ಕಮ್ಮ ಮತ್ತೆ ಫೋನ್ ಮಾಡಿದರು.