ಡೆಟ್ರಾಯಿಟ್‌ಗೆ ಬಂದಿರಾ? ಕೋನಿ ಐಲೆಂಡ್‌ಗೆ ಹೋಗುವ ಮುನ್ನ ಇಷ್ಟು ತಿಳಿದಿರಲಿ

ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್, ಎಲ್ಲಿ ಮನೆ ಮಾಡಿದರೂ ‘ಕೋನಿ ಐಲೆಂಡ್’ ಎಂಬ ಫಲಕ ಕಣ್ಣಿಗೆ ಬಿದ್ದೇ ಬೀಳುತ್ತದೆ. ನ್ಯೂಯಾರ್ಕಿನ ಕಡಲತೀರದ ಈ ಹೆಸರನ್ನು ಇಲ್ಲಿ ಬೆಳಗಿನ ತಿಂಡಿಯಿಂದ ರಾತ್ರಿಯೂಟದವರೆಗೆ ಎಲ್ಲವೂ ಸಿಗುವ ಹೋಟೆಲುಗಳು ಇಟ್ಟುಕೊಂಡಿವೆ. ಮಕ್ಕಳ ಸಾಕರ್ ಪಂದ್ಯ ಮುಗಿದ ಮೇಲೆ ತಂಡವೆಲ್ಲ ಹೋಗುವುದು ಇಲ್ಲಿಗೆ, ಸಹೋದ್ಯೋಗಿಗಳು ಮಧ್ಯಾಹ್ನ ಕರೆಯುವುದೂ ಇಲ್ಲಿಗೆ. ಸಸ್ಯಾಹಾರಿಗಳೆಂದು ತಪ್ಪಿಸಿಕೊಳ್ಳಬೇಕಾಗಿಲ್ಲ. ಆದರೆ ಕೇಳದೆ ತರಿಸಿಕೊಳ್ಳಬೇಡಿ.

ಮೊದಲು ‘ಕೋನಿ’ ಎಂದರೇನು ನೋಡಿ. ಅದೊಂದು ಬಗೆಯ ಹಾಟ್ ಡಾಗ್. ಹಬೆಯಲ್ಲಿ ಮೆತ್ತಗಾದ ಬನ್, ಅದರೊಳಗೆ ಕಚ್ಚಿದರೆ ಚಟ್ಟನೆ ಸಿಡಿಯುವ ಸಾಸೇಜ್, ಅದರ ಮೇಲೆ ಕಾಳಿಲ್ಲದ ತೆಳು ಚಿಲ್ಲಿ (ಮೆಣಸಿನಕಾಯಿಯಲ್ಲ, ಮಸಾಲೆ ಹಾಕಿದ ಮಾಂಸದ ಗೊಜ್ಜು), ಹಳದಿ ಮಸ್ಟರ್ಡ್‌ನ ಒಂದು ಗೆರೆ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ. ಸಾಸೇಜಿನಲ್ಲಿ ಸಾಮಾನ್ಯವಾಗಿ ದನದ ಮಾಂಸ, ಹಂದಿ ಮಾಂಸ ಎರಡೂ ಬೆರೆತಿರುತ್ತವೆ. ಹೊರಪದರವೂ ಪ್ರಾಣಿಯ ಕರುಳೇ. ಚಿಲ್ಲಿಯೂ ದನದ ಮಾಂಸದ್ದು. ‘ಸಾಸೇಜ್ ಬೇಡ, ಚಿಲ್ಲಿ ಮಾತ್ರ ಹಾಕಿ’ ಎಂದರೆ ಏನೂ ಬದಲಾಗುವುದಿಲ್ಲ. ಚಿಲ್ಲಿ ಚೀಸ್ ಫ್ರೈಸ್‌ಗೂ ಇದೇ ಮಾತು. ಗೈರೋ ಎಂಬ ಗ್ರೀಕ್ ಮಾಂಸದ ತಿನಿಸು ಕುರಿಯದೆಂದು ನಂಬುವವರಿದ್ದಾರೆ. ಹೆಚ್ಚಿನ ಕಡೆ ಅದರಲ್ಲೂ ದನದ ಮಾಂಸ ಸೇರಿರುತ್ತದೆ. ಹಲಾಲ್ ಬೇಕಾದವರಿಗೆ ಡಿಯರ್‌ಬರ್ನ್‌ನಲ್ಲಿ ಹಲಾಲ್ ಮಾಂಸದ ಕೋನಿಗಳಿವೆ. ಕೋಳಿ ತಿನ್ನುವವರು ‘ನ್ಯಾಷನಲ್’ ಸರಪಳಿಯ ಹೋಟೆಲುಗಳಲ್ಲಿ ‘ಹಾನಿ’ ಕೇಳಿ. ಪೀಟಾ ರೊಟ್ಟಿಯಲ್ಲಿ ಕರಿದ ಕೋಳಿ, ಚೀಸ್, ಟೊಮೆಟೊ ಸುತ್ತಿ ಕೊಡುತ್ತಾರೆ. ಹೆಸರು ಕೇಳಿ ಹೆದರಬೇಡಿ.

ಸಸ್ಯಾಹಾರಿಗಳ ಪಾಲಿಗೆ ನಿಜವಾದ ಆಸರೆ ಗ್ರೀಕ್ ಸಲಾಡ್. ಬೀಟ್‌ರೂಟ್, ಆಲಿವ್, ಫೆಟಾ ಚೀಸ್, ಸೌತೆಕಾಯಿಯೊಂದಿಗೆ ಬಿಸಿ ಪೀಟಾ ರೊಟ್ಟಿ ಬರುತ್ತದೆ; ದೊಡ್ಡದನ್ನು ಇಬ್ಬರು ಹಂಚಿಕೊಳ್ಳಬಹುದು. ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್, ಹ್ಯಾಷ್ ಬ್ರೌನ್ ಮಕ್ಕಳಿಗೆ ಸರಿ. ಆದರೆ ಸಾಮಾನ್ಯವಾಗಿ ಎಲ್ಲವೂ ಹಂದಿ ಮಾಂಸದ ಬೇಕನ್ ಬೆಂದ ಕಾವಲಿಯ ಮೇಲೆಯೇ ಬೇಯುತ್ತವೆ. ಬೇರೆ ಬಾಣಲೆಯಲ್ಲಿ ಮಾಡಿಕೊಡುವಿರಾ ಎಂದು ಕೇಳಿ; ಜನಸಂದಣಿ ಇಲ್ಲದ ಹೊತ್ತಿನಲ್ಲಿ ಒಪ್ಪುವವರು ಸಿಗುತ್ತಾರೆ. ಪಾಲಕ್ ಪೈ, ಪ್ಯಾನ್‌ಕೇಕ್‌ಗಳಲ್ಲಿ ಮೊಟ್ಟೆ ಇರುತ್ತದೆ. ಲೆಮನ್ ರೈಸ್ ಸೂಪ್ ಅಂತೂ ಕೋಳಿ ರಸದಲ್ಲಿ ಮೊಟ್ಟೆ ಕಲಸಿ ಮಾಡಿದ್ದು. ತಿನ್ನುವವರಿಗೆ ಜನವರಿಯ ಚಳಿಯಲ್ಲಿ ಅದಕ್ಕಿಂತ ಹಿತವಾದದ್ದು ಇಲ್ಲ.

ಹಾಟ್ ಡಾಗ್ ಅಂಗಡಿಯಲ್ಲಿ ಗ್ರೀಕ್ ತಿನಿಸು ಏಕೆ? ಇದನ್ನು ಕಟ್ಟಿದವರೇ ಗ್ರೀಸ್ ಮತ್ತು ಮ್ಯಾಸಿಡೋನಿಯಾದಿಂದ ಬಂದ ವಲಸಿಗರು. ಡೌನ್‌ಟೌನ್‌ನ ‘ಅಮೆರಿಕನ್ ಕೋನಿ ಐಲೆಂಡ್’ ಶುರುವಾದದ್ದು 1917ರಲ್ಲಿ, ಕೆರೋಸ್ ಕುಟುಂಬದಿಂದ. ಗೋಡೆಗೆ ಗೋಡೆ ಹತ್ತಿಕೊಂಡೇ ಇರುವ ‘ಲಫಯೆಟ್’ ಅದೇ ಕುಟುಂಬದ ಸಹೋದರನದಾಗಿತ್ತು. ಊರಿನಿಂದ ಬಂದ ಹುಡುಗ ನೆಂಟರ ಹೋಟೆಲಿನಲ್ಲಿ ತಟ್ಟೆ ತೊಳೆದು, ಕೈ ಪಳಗಿದ ಮೇಲೆ ಸ್ವಂತ ಹೋಟೆಲು ತೆರೆಯುತ್ತಿದ್ದ. ನಮ್ಮ ಉಡುಪಿ ಹೋಟೆಲುಗಳು ಊರೂರಿಗೆ ಹಬ್ಬಿದ ದಾರಿಯೂ ಇದೇ.

ಅಮೆರಿಕನ್, ಲಫಯೆಟ್ ಎರಡರಲ್ಲಿ ಯಾವುದು ಮೇಲು ಎಂಬ ಜಗಳದಲ್ಲಿ ಹೊಸಬರು ತಲೆ ಹಾಕದಿರುವುದು ಒಳ್ಳೆಯದು. ಡೆಟ್ರಾಯಿಟ್‌ನ ಮನೆಗಳಲ್ಲೇ ಪಕ್ಷಗಳಿವೆ. ತಿನ್ನದವರೂ ಒಮ್ಮೆ ಲಫಯೆಟ್‌ನ ಇಕ್ಕಟ್ಟಿನ ಕೌಂಟರಿನಲ್ಲಿ ಕುಳಿತು ನೋಡಿ. ಮಾಣಿ ಏನನ್ನೂ ಬರೆದುಕೊಳ್ಳದೆ ಆರ್ಡರ್ ಕೂಗುತ್ತಾನೆ, ಮಣಿಕಟ್ಟಿನಿಂದ ತೋಳಿನವರೆಗೆ ತಟ್ಟೆಗಳನ್ನು ಜೋಡಿಸಿಕೊಂಡು ಬರುತ್ತಾನೆ. ‘ಎವ್ರಿಥಿಂಗ್’ ಎಂದರೆ ಚಿಲ್ಲಿ, ಮಸ್ಟರ್ಡ್, ಈರುಳ್ಳಿ ಮೂರೂ. ಕೆಚಪ್ ಕೇಳಿದರೆ ಹುಬ್ಬು ಮೇಲೇರುವುದು ಖಂಡಿತ. ಕುಡಿಯಲು ವರ್ನರ್ಸ್ ಜಿಂಜರ್ ಏಲ್ ತರಿಸಿ. ಇದೇ ಊರಿನದು, ಮೂಗಿಗೆ ಘಾಟು ಹತ್ತುತ್ತದೆ.

ಬಿಲ್ಲನ್ನು ಹೆಚ್ಚಿನ ಕಡೆ ಬಾಗಿಲ ಬಳಿಯ ಕೌಂಟರಿನಲ್ಲಿ ಕಟ್ಟಬೇಕು. ಮಿಷಿಗನ್ನಿನಲ್ಲಿ ಹೋಟೆಲು ಊಟಕ್ಕೆ ಶೇ. 6ರಷ್ಟು ಮಾರಾಟ ತೆರಿಗೆ ಸೇರುತ್ತದೆ. ಅದರ ಮೇಲೆ ಬಡಿಸಿದವರಿಗೆ ಶೇ. 15ರಿಂದ 20 ಟಿಪ್ಸ್ ಬಿಡಿ. ಅವರ ಮೂಲ ವೇತನ ಕಡಿಮೆ, ಸಂಸಾರ ನಡೆಯುವುದೇ ಟಿಪ್ಸ್‌ನಿಂದ. ಕಾಫಿಯ ಕಪ್ಪನ್ನು ಕೇಳದೆಯೇ ಮತ್ತೆ ಮತ್ತೆ ತುಂಬಿಸುತ್ತಾರೆ, ಅದಕ್ಕೆ ಹೆಚ್ಚುವರಿ ಹಣವಿಲ್ಲ. ಸಾಕೆನಿಸಿದಾಗ ಬಾಯಿಬಿಟ್ಟು ಹೇಳಬೇಕು.

ಫ್ಲಿಂಟ್ ಕಡೆ ಕೆಲಸ ಸಿಕ್ಕವರಿಗೆ ಒಂದು ಮಾತು: ಅಲ್ಲಿನ ಕೋನಿಯ ಮೇಲಿರುವುದು ರಸವಿಲ್ಲದ, ಉದುರುದುರಾದ ಕೊಚ್ಚಿದ ಮಾಂಸ. ಅದೂ ದನದ್ದೇ.